ಅಪ್ಪನಿಗೆ ಶುಗರ್ ಇದ್ದರೆ ನನಗೂ ಬರಲೇಬೇಕಾ? ಜೀನ್ ಟೆಸ್ಟ್ ಮಾಡಿಸಲಾ?

ತುಂಗಾತೀರ, ತೀರ್ಥಹಳ್ಳಿ:
ಅಪ್ಪನಿಗೆ 48ಕ್ಕೆ, ದೊಡ್ಡಪ್ಪನಿಗೆ 50ಕ್ಕೆ ಶುಗರ್ ಶುರುವಾಯ್ತು. ಅಮ್ಮನಿಗೆ ಇಲ್ಲ. ನನಗೆ 33 ವರ್ಷ, ಎತ್ತರ 168 ಸೆಂ.ಮೀ, ತೂಕ 62 ಕೆಜಿ. ಊರಿನ ಕ್ಯಾಂಪ್‌ನಲ್ಲಿ ಫಾಸ್ಟಿಂಗ್ 106 ಬಂತು. ಉಗುಳು ಕಳಿಸಿದರೆ ಜೀನ್ ನೋಡಿ ಹೇಳ್ತೀವಿ ಅಂತ ಜಾಹೀರಾತು ಬರ್ತಿದೆ. ಮಾಡಿಸಬಹುದಾ? ಸಣ್ಣಗಿದ್ದವರಿಗೂ ಬರುತ್ತಾ?

ಶರಾವತಿ ಕಣಿವೆ, ಸಾಗರ:
ಆ ದುಡ್ಡು ಉಳಿಸಿಕೊಳ್ಳಿ. ಟೈಪ್ 2, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಬರೋ ಶುಗರ್‌ಗೆ ಕಾರಣವಾಗೋ ಒಂದೇ ಜೀನ್ ಅಂತ ಇಲ್ಲ. ಡಿಎನ್‌ಎಯಲ್ಲಿ ಅಪಾಯಕ್ಕೆ ತಳುಕು ಹಾಕಿಕೊಂಡ ಜಾಗಗಳು ಈಗಾಗಲೇ 600 ದಾಟಿವೆ. ಬಹುಪಾಲು ಒಂದೊಂದೂ ಅಪಾಯವನ್ನ ತೀರಾ ಸ್ವಲ್ಪ ಏರಿಸುತ್ತೆ, ಅಷ್ಟೆ. ಸಾಮಾನ್ಯವಾಗಿ ಕಾಣಸಿಗೋದ್ರಲ್ಲಿ ದೊಡ್ಡದು 2006ರಲ್ಲಿ ಐಸ್‌ಲ್ಯಾಂಡಿನವರು ಪತ್ತೆಹಚ್ಚಿದ ಟಿಸಿಎಫ್7ಎಲ್2. ಅದರ ಅಪಾಯದ ರೂಪ ಒಂದು ಪ್ರತಿ ಇದ್ದರೆ ಅಪಾಯ ಸುಮಾರು 1.4 ಪಟ್ಟು, ಅಪ್ಪ-ಅಮ್ಮ ಇಬ್ಬರಿಂದಲೂ ಬಂದಿದ್ದರೆ ಹೆಚ್ಚುಕಮ್ಮಿ ಎರಡು ಪಟ್ಟು. ಅದಿದ್ದವರಲ್ಲಿ ಊಟವಾದ ಮೇಲೆ ಮೇದೋಜೀರಕ ಗ್ರಂಥಿ ಬಿಡಬೇಕಾದಷ್ಟು ಇನ್ಸುಲಿನ್ ಬಿಡಲ್ಲ, ಅದೇ ತೊಂದರೆ. ಎಫ್‌ಟಿಓ ಜೀನ್ ದಾರಿ ಬೇರೆ, ಅದು ಮುಖ್ಯವಾಗಿ ತೂಕ ಏರಿಸಿ ಕೆಲಸ ಮಾಡುತ್ತೆ. ಇಂಥ ಜೀನ್‌ಗಳನ್ನೆಲ್ಲ ಕೂಡಿಸಿ ಅಪಾಯ ಲೆಕ್ಕ ಹಾಕೋ ಸ್ಕೋರ್‌ಗಳು ಹೆಚ್ಚಾಗಿ ಯುರೋಪಿನವರ ರಕ್ತದಿಂದ ಕಟ್ಟಿದವು, ನಮ್ಮವರಿಗೆ ಅಷ್ಟು ಚೆನ್ನಾಗಿ ಹೊಂದಲ್ಲ.

ಸಣ್ಣಗಿದ್ದೀನಿ ಅಂತ ನಿಶ್ಚಿಂತೆ ಬೇಡ. ನಮ್ಮಲ್ಲಿ ಕೈಕಾಲು ತೆಳ್ಳಗಿದ್ದು ಹೊಟ್ಟೆಯೊಳಗೆ ಕೊಬ್ಬು ಕೂರೋದು ಜಾಸ್ತಿ. ಟೇಪ್ ಹಿಡಿದು ಸೊಂಟ ಅಳೆಯಿರಿ: ಉಸಿರು ಬಿಟ್ಟಾಗ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ ಮುಟ್ಟಿದರೆ ಎಚ್ಚರ.

ಗ್ರೇ ಕ್ಯಾಪ್, ಶಿವಮೊಗ್ಗ:
ಮೊದಲು ಆ 106 ಸರಿಯಾ ನೋಡಿ. ಗ್ಲುಕೋಮೀಟರ್‌ನದ್ದಾದರೆ ಹತ್ತು-ಹದಿನೈದು ಆಚೀಚೆ ಇರಬಹುದು. ಸಿರಿಂಜಲ್ಲಿ ತೆಗೆದು ಸಾದಾ ಟ್ಯೂಬಲ್ಲಿ ಜೀಪಿನಲ್ಲಿ ಶಿವಮೊಗ್ಗಕ್ಕೆ ತಂದಿದ್ದರೆ ನಿಜವಾದದ್ದು ಇನ್ನೂ ಜಾಸ್ತಿ ಇರಬಹುದು: ರಕ್ತಕಣಗಳು ಗ್ಲುಕೋಸ್ ತಿಂದು ಗಂಟೆಗೆ ನೂರಕ್ಕೆ 5-7ರಷ್ಟು ಇಳಿಸುತ್ತವೆ. ಫ್ಲೋರೈಡ್ ಇರೋ ಬೂದು ಮುಚ್ಚಳದ ಟ್ಯೂಬ್ ಬೇಕು, ಅದೂ ಮೊದಲ ಒಂದೆರಡು ಗಂಟೆ ಪೂರ್ತಿ ತಡೆಯಲ್ಲ. ಲ್ಯಾಬಿಗೇ ಹೋಗಿ ಕೊಡಿ.

ಜೊತೆಗೆ ಜಿಟಿಟಿ, ಅಂದರೆ ಗ್ಲುಕೋಸ್ ಕುಡಿಸಿ ಶುಗರ್ ನೋಡೋ ಪರೀಕ್ಷೆ, ಮಾಡಿಸಿ. ಮೂರು ದಿನ ಮೊದಲಿಂದ ಎಂದಿನಂತೆ ಅನ್ನ, ಅಕ್ಕಿರೊಟ್ಟಿ ತಿನ್ನಿ. ಆ ಮೂರು ದಿನ ಅನ್ನ ಬಿಟ್ಟು ಹೋದರೆ ಸುಳ್ಳು ಶುಗರ್ ತೋರಿಸುತ್ತೆ. ಪರೀಕ್ಷೆಗೆ ಮುಂಚೆ 8 ಗಂಟೆ ಖಾಲಿ ಹೊಟ್ಟೆ, 75 ಗ್ರಾಂ ಗ್ಲುಕೋಸ್ ನೀರಲ್ಲಿ ಕದಡಿ 5 ನಿಮಿಷದೊಳಗೆ ಕುಡಿದು ಎರಡು ಗಂಟೆ ಕೂತಿರಬೇಕು. ಆಗ ನೋಡಿದ್ದು 140ರಿಂದ 199 ಬಂದರೆ ಗಡಿಯಲ್ಲಿದ್ದೀರಿ, 200 ಆದರೆ ಶುಗರ್. ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಪರೀಕ್ಷೆ) ಒಂದನ್ನೇ ನಂಬಬೇಡಿ, ಕಬ್ಬಿಣಾಂಶ ಕಡಿಮೆ ಇದ್ದವರಲ್ಲಿ ಅದು ಏರಿ ಕಾಣುತ್ತೆ.

ತುಂಗಾತೀರ:
ತುಂಬಾ ಥ್ಯಾಂಕ್ಸ್. ದೊಡ್ಡಪ್ಪನ ಮಗಳಿಗೆ 19ಕ್ಕೇ ಬಂತು, ಅವಳೂ ಸಣ್ಣ. ಅದೂ ಇದೇನಾ?

ಶರಾವತಿ ಕಣಿವೆ:
ಇಲ್ಲಿ ಮಾತ್ರ ಜೀನ್ ಟೆಸ್ಟ್ ಬಗ್ಗೆ ಯೋಚಿಸಬೇಕು, ಆದರೆ ಜಾಹೀರಾತಿನದ್ದಲ್ಲ. 25ರೊಳಗೆ ಬಂದು, ಸಣ್ಣಗಿದ್ದು, ಮನೆಯಲ್ಲಿ ಎರಡು-ಮೂರು ತಲೆಮಾರು ಇದ್ದರೆ ಮೋಡಿ ಅನ್ನೋ ಒಂದೇ ಜೀನಿನ ಬಗೆ ಇರಬಹುದು; ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಮೊದಲು ಎರಡು ರಕ್ತ ಪರೀಕ್ಷೆ: ಗ್ಯಾಡ್ ಆಂಟಿಬಾಡಿ (ಟೈಪ್ 1 ಶುಗರ್ ಇದೆಯಾ ಅಂತ ನೋಡೋಕೆ) ಮತ್ತು ಸಿ-ಪೆಪ್ಟೈಡ್ (ದೇಹ ತಾನೇ ಎಷ್ಟು ಇನ್ಸುಲಿನ್ ಮಾಡ್ತಿದೆ ಅಂತ ನೋಡೋಕೆ). ಆಂಟಿಬಾಡಿ ಇಲ್ಲ, ಸಿ-ಪೆಪ್ಟೈಡ್ ಚೆನ್ನಾಗಿದೆ ಅಂದರೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಮೂಲಕ ಜೀನ್ ಪರೀಕ್ಷೆ. ಯಾವ ಜೀನ್ ಕೆಟ್ಟಿದೆ ಅನ್ನೋದರ ಮೇಲೆ ಔಷಧಿಯೇ ಬದಲಾಗುತ್ತೆ: ಎಚ್‌ಎನ್‌ಎಫ್1ಎ ಆದರೆ ಗ್ಲಿಕ್ಲಜೈಡ್‌ನಂಥ ಮಾತ್ರೆ ಸಣ್ಣ ಡೋಸಲ್ಲೇ ಚೆನ್ನಾಗಿ ಹಿಡಿಯುತ್ತೆ, ಎಷ್ಟೋ ಜನ ಇನ್ಸುಲಿನ್ ಬಿಟ್ಟಿದ್ದಾರೆ. ಜಿಸಿಕೆ ಆದರೆ ಬಸುರಿನ ಸಮಯ ಬಿಟ್ಟು ಸಾಮಾನ್ಯವಾಗಿ ಔಷಧಿಯೇ ಬೇಡ. ಅಲ್ಲಿವರೆಗೆ ಇನ್ಸುಲಿನ್ ತಾವಾಗೇ ನಿಲ್ಲಿಸೋದು ಬೇಡ ಅಂತ ತಂಗಿಗೆ ಹೇಳಿ.

ನಿಮ್ಮದಕ್ಕೆ: ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಮಾಂಸಖಂಡಕ್ಕೆ ಕೆಲಸ. ತೋಟಕ್ಕೆ ಹೋಗಿ ನಿಂತು ಆಳು ನೋಡಿಕೊಂಡು ಬಂದದ್ದು ಲೆಕ್ಕಕ್ಕಿಲ್ಲ. ಕಡುಬು ನಾಲ್ಕರ ಬದಲು ಎರಡು, ಜೊತೆಗೆ ಹೆಸರುಕಾಳಿನ ಪಲ್ಯ. ಟಿಸಿಎಫ್7ಎಲ್2ನ ಅಪಾಯದ ರೂಪ ಎರಡೂ ಪ್ರತಿ ಇದ್ದವರಲ್ಲೂ ಜೀವನಕ್ರಮ ಬದಲಿಸಿದಾಗ ಅಪಾಯ ಇಳಿದದ್ದು ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಕಂಡಿದೆ. ಜಿಟಿಟಿ ಬಂದ ಮೇಲೆ ಸಂಖ್ಯೆ ಇಲ್ಲೇ ಹಾಕಿ.