'ಇ' ಅಕ್ಷರದ ಸಂಖ್ಯೆ: ಈ ಫೆಂಡರ್ ಅಮೆರಿಕದ್ದೋ, ಜಪಾನಿನದೋ?

ಪ್ರಶ್ನೆ (ಸೋಮವಾರಪೇಟೆಯಿಂದ)

ನನ್ನ ಸೋದರಮಾವ ಹಡಗಿನ ನೌಕರಿಯಲ್ಲಿದ್ದಾಗ, 1988ರ ಸುಮಾರಿಗೆ, ಸಿಂಗಾಪುರದಿಂದ ತಂದಿದ್ದ ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ಇಪ್ಪತ್ತು ವರ್ಷ ನಮ್ಮ ಅಟ್ಟದಲ್ಲೇ ಇತ್ತು. ನಮ್ಮ ಮಳೆಗಾಲಗಳನ್ನು ಕಂಡ ಬ್ರಿಜ್ (ತಂತಿಗಳು ಕೂರುವ ಲೋಹದ ಭಾಗ) ತುಕ್ಕು ಹಿಡಿದಿದೆ, ಉಳಿದದ್ದು ಗಟ್ಟಿಯಾಗಿಯೇ ಇದೆ. ಹೆಡ್‌ಸ್ಟಾಕ್ (ತಂತಿ ಬಿಗಿಸುವ ತಿರುಪುಗಳಿರುವ ತುದಿ) ಮೇಲೆ ಯಾವ ಸಂಖ್ಯೆಯೂ ಇಲ್ಲ. ನೆಕ್‌ನ (ಗಿಟಾರಿನ ಉದ್ದನೆಯ ಕತ್ತಿನ) ಹಿಂಭಾಗದಲ್ಲಿ, ಅದು ಗಿಟಾರಿನ ಒಡಲನ್ನು ಸೇರುವ ಜಾಗದ ಹತ್ತಿರ, ಇಂಗ್ಲಿಷಿನ 'ಇ' ಅಕ್ಷರವೂ ಅದರ ಮುಂದೆ ಆರು ಅಂಕಿಗಳೂ ಇವೆ. ಮೊದಲ ಅಂಕಿ 6. ಜೊತೆಗಿದ್ದ ಒಂದು ಸಾಲು ಕೈಬೆವರಿಗೆ ಅಳಿಸಿಹೋಗಿದೆ. ಮೈಸೂರಿನ ವ್ಯಾಪಾರಿಯೊಬ್ಬರು ಇದು 1986ರ ಅಮೆರಿಕದ ಗಿಟಾರೆಂದು ಖಚಿತವಾಗಿ ಹೇಳುತ್ತಾರೆ. ಗೆಳೆಯನೊಬ್ಬ ಮಾತ್ರ 'ಇ' ಎಂದರೆ ಮೇ ತಿಂಗಳು ಎನ್ನುತ್ತಾನೆ. ಯಾರ ಮಾತನ್ನು ನಂಬಲಿ?

ಉತ್ತರ 1 (ಮಡಿಕೇರಿಯಿಂದ)

ಇಬ್ಬರೂ ಸುಳ್ಳು ಹೇಳಿಲ್ಲ, ಆದರೆ ಒಬ್ಬೊಬ್ಬರು ಒಂದೊಂದು ಪಟ್ಟಿಯನ್ನಷ್ಟೇ ಓದಿದ್ದಾರೆ. ಒಂದು ಅಕ್ಷರ ಮತ್ತು ಆರು ಅಂಕಿಗಳೆಂಬ ಇದೇ ರೂಪ ಮೂರು ಕಡೆ ಬಳಕೆಯಲ್ಲಿತ್ತು. ಅಮೆರಿಕದ ಫೆಂಡರ್‌ನಲ್ಲಿ 1970ರ ದಶಕಕ್ಕೆ 'ಎಸ್', 1980ರ ದಶಕಕ್ಕೆ 'ಇ', 1990ರ ದಶಕಕ್ಕೆ 'ಎನ್' ಇದ್ದು, ಮುಂದಿನ ಅಂಕಿ ವರ್ಷವನ್ನು ಸೂಚಿಸುತ್ತದೆ. ವ್ಯಾಪಾರಿಯವರ 1986 ಬಂದದ್ದು ಅಲ್ಲಿಂದ. 1970ರ ದಶಕದ ನಡುವಿನಿಂದ 1980ರ ದಶಕದವರೆಗಿನ ಜಪಾನಿನ ಐಬನೇಜ್ ಕಂಪನಿಯ ಗಿಟಾರ್‌ಗಳಲ್ಲಿ ಅಕ್ಷರವೇ ತಿಂಗಳು ('ಎ' ಎಂದರೆ ಜನವರಿ), ಮುಂದಿನ ಎರಡು ಅಂಕಿಗಳು ವರ್ಷ. ಹಾಗಾಗಿ ಇ79 ಎಂದರೆ 1979ರ ಮೇ. ತಮ್ಮ ಗಿಟಾರಿಗೆ ಈ ಲೆಕ್ಕ ಹೊಂದುವುದಿಲ್ಲ: ಹೆಸರು ಬೇರೆ, 6ರಿಂದ ಶುರುವಾದರೆ ಅರವತ್ತರ ದಶಕಕ್ಕೆ ಹೋಗಬೇಕಾಗುತ್ತದೆ.

ಮೂರನೆಯದೇ ಮುಖ್ಯ. ಜಪಾನಿನಲ್ಲಿ ತಯಾರಾದ ಫೆಂಡರ್‌ಗಳಲ್ಲೂ 1984ರಿಂದ 1987ರವರೆಗೆ 'ಇ' ಮತ್ತು ಆರು ಅಂಕಿಗಳಿದ್ದವು, ಆದರೆ ಅಲ್ಲಿ ಮೊದಲ ಅಂಕಿ ವರ್ಷವನ್ನು ಹೇಳುವುದಿಲ್ಲ. ಆದ್ದರಿಂದ ಸಂಖ್ಯೆಗಿಂತ ಅದು ಇರುವ ಜಾಗವನ್ನು ನೋಡಬೇಕು. ಅಮೆರಿಕದ ಆ ಕಾಲದ 'ಇ' ಸಂಖ್ಯೆ ಹೆಡ್‌ಸ್ಟಾಕ್ ಮೇಲಿರುತ್ತದೆ, ಜಪಾನಿನದು ನೆಕ್‌ನ ಬುಡದಲ್ಲಿ, ಮೇಡ್ ಇನ್ ಜಪಾನ್ ಎಂಬ ಬರಹದ ಜೊತೆಗೆ. ಅಳಿಸಿಹೋದ ಆ ಸಾಲು ಅದೇ ಇರಬಹುದು.

ಕಾಲವೂ ಇದಕ್ಕೆ ಒಪ್ಪುತ್ತದೆ. 1985ರಲ್ಲಿ ಫೆಂಡರ್‌ನ ಆಗಿನ ಒಡೆಯರಾದ ಅಮೆರಿಕದ ಸಿಬಿಎಸ್ ಸಂಸ್ಥೆ ಅದನ್ನು ಬಿಲ್ ಶುಲ್ಟ್ಸ್ ನೇತೃತ್ವದ ನೌಕರರ ಗುಂಪಿಗೆ ಮಾರಿದಾಗ ಕ್ಯಾಲಿಫೋರ್ನಿಯದ ಫುಲ್ಲರ್ಟನ್‌ನಲ್ಲಿದ್ದ ಕಾರ್ಖಾನೆ ಆ ವ್ಯವಹಾರದಲ್ಲಿ ಸೇರಿರಲಿಲ್ಲ. ಅದೇ ರಾಜ್ಯದ ಕೊರೋನಾ ಊರಿನಲ್ಲಿ ಹೊಸ ಕಾರ್ಖಾನೆ ನೆಲೆಗೊಳ್ಳುವವರೆಗೆ ಮಾರುಕಟ್ಟೆಯನ್ನು ತುಂಬಿದ್ದು ಹೆಚ್ಚಾಗಿ ಜಪಾನಿನ ಗಿಟಾರ್‌ಗಳೇ. ಅವುಗಳಲ್ಲಿ ಬಹುಪಾಲು ಅಲ್ಲಿನ ಮಾತ್ಸುಮೊತೊ ಊರಿನ ಗಿಟಾರ್ ತಯಾರಕರಾದ ಫುಜಿಜೆನ್‌ನವರು ಮಾಡಿದವು, ಕೆಲಸವೂ ಬಹಳ ಅಚ್ಚುಕಟ್ಟು. ಜಪಾನ್ ಎಂದ ಮಾತ್ರಕ್ಕೆ ಕಳಪೆಯೆಂದು ತಿಳಿಯಬಾರದು.

ಉತ್ತರ 2 (ಗೋಣಿಕೊಪ್ಪಲಿನಿಂದ)

ಪಿಕ್‌ಗಾರ್ಡ್ (ಮುಂಭಾಗದ ಪ್ಲಾಸ್ಟಿಕ್ ಹಲಗೆ) ತೆಗೆದು ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳ (ಗುಬಟೆಗಳ ಕೆಳಗಿರುವ ವಿದ್ಯುತ್ ಬಿಡಿಭಾಗಗಳ) ಬೆನ್ನನ್ನೂ ನೋಡಿರಿ. ಅಮೆರಿಕದ ಸಿಟಿಎಸ್ ಕಂಪನಿಯ ಪಾಟ್ ಆಗಿದ್ದರೆ 137ರಿಂದ ಶುರುವಾಗುವ ಸಂಖ್ಯೆ ಇರುತ್ತದೆ: 1378615 ಎಂದರೆ 1986ರ ಹದಿನೈದನೆಯ ವಾರ. ಅದು ಪಾಟ್ ತಯಾರಾದ ದಿನವೇ ಹೊರತು ಗಿಟಾರಿನದಲ್ಲ. ಮೂಲ ಪಾಟ್‌ಗಳೇ ಆಗಿದ್ದರೆ ಗಿಟಾರ್ ಅದಕ್ಕಿಂತ ಹಳೆಯದಾಗಿರಲಾರದು ಎಂಬಷ್ಟು ಮಾತ್ರ ತಿಳಿಯುತ್ತದೆ. ಯಾರಾದರೂ ಪಾಟ್ ಬದಲಿಸಿದ್ದರೆ ಅದೂ ಕೈಕೊಡುತ್ತದೆ, ಆದ್ದರಿಂದ ಬೆಸುಗೆ ಹೊಸದೋ ಹಳೆಯದೋ ಎಂದು ಗಮನಿಸಿರಿ.

ಫಿಂಗರ್‌ಬೋರ್ಡ್ (ನೆಕ್ ಮೇಲಿನ, ಬೆರಳೊತ್ತುವ ಮರದ ಪಟ್ಟಿ) ನಮ್ಮ ತೋಟಗಳ ಬೀಟೆಯಂತೆ ಕಂಡರೂ ಅದನ್ನು ಸಾಕ್ಷಿಯೆಂದು ಹಿಡಿಯಬೇಡಿ. ಭಾರತದ ಬೀಟೆಯನ್ನು ಎರಡೂ ದೇಶದವರು ದಶಕಗಳಿಂದ ಬಳಸುತ್ತಿದ್ದಾರೆ. ನೆಕ್ ಬಿಚ್ಚುವುದಾದರೆ ತಂತಿಗಳನ್ನು ಮೊದಲೇ ಸಡಿಲಿಸಿ, ತುಕ್ಕು ಹಿಡಿದ ನಾಲ್ಕು ಸ್ಕ್ರೂಗಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿರಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಂತೂ ಆ ಕೆಲಸ ಬೇಡ, ಮರ ತೇವ ಕುಡಿದು ಉಬ್ಬಿರುತ್ತದೆ.

ಉಪಪ್ರಶ್ನೆ (ಕುಶಾಲನಗರದಿಂದ)

ಅಮೆರಿಕದ ಗಿಬ್ಸನ್ ಕಂಪನಿಯದೆಂದು ನನಗೆ ತೋರಿಸಿದ ಗಿಟಾರೊಂದರಲ್ಲಿ 84125 ಎಂದು ಶುರುವಾಗುವ ಎಂಟು ಅಂಕಿಗಳಿವೆ. ಮಾರುವವರು 1985 ಎನ್ನುತ್ತಾರೆ. ಇದು ಸರಿಯೇ?

ಉತ್ತರ 1ರ ಸದಸ್ಯರಿಂದ

ಗಿಬ್ಸನ್‌ನ ಸಾಮಾನ್ಯ ಶ್ರೇಣಿಯಲ್ಲಿ 1977ರಿಂದ 2005ರವರೆಗೆ ಮೊದಲ ಮತ್ತು ಐದನೆಯ ಅಂಕಿಗಳು ವರ್ಷ, ನಡುವಿನ ಮೂರು ವರ್ಷದ ಎಷ್ಟನೆಯ ದಿನವೆಂಬುದು. ತಾವು ಕೊಟ್ಟದ್ದನ್ನು ಹಾಗೆ ಓದಿದರೆ 1985ರ 412ನೆಯ ದಿನವಾಗುತ್ತದೆ. ಅಂಥ ದಿನವೇ ಇಲ್ಲದ್ದರಿಂದ ಹಣ ಕೊಡುವ ಮುನ್ನ ಬೇರೆಯವರಿಗೂ ತೋರಿಸಿರಿ.

ಮೂಲ ಪ್ರಶ್ನೆ ಕೇಳಿದವರಿಂದ

ನಿನ್ನೆ ಬಿಸಿಲಿತ್ತು. ಓರೆಯಾಗಿ ಟಾರ್ಚ್ ಹಿಡಿದು ನೋಡಿದಾಗ ಅಳಿಸಿದ ಸಾಲಿನ ಕೊನೆಯಲ್ಲಿ 'ಪಾನ್' ಎಂಬಷ್ಟು ಭಾಗ ಸ್ಪಷ್ಟವಾಗಿ ಕಂಡಿತು. ಪಾಟ್‌ಗಳ ಮೇಲೆ 137 ಇಲ್ಲ, ಬೆಸುಗೆ ಹಳೆಯದೇ. ಫೋನಿನಲ್ಲಿ ಮಾವನಿಗೆ ಹೇಳಿದೆ. ತಾನು ಅಮೆರಿಕದ್ದೆಂದು ಎಂದೂ ಹೇಳಿರಲಿಲ್ಲ, ನೀವೇ ಹಾಗೆ ಅಂದುಕೊಂಡಿರಿ ಎಂದು ನಕ್ಕರು. ವ್ಯಾಪಾರಿಯವರಿಗೆ ಕೊಡುವ ಯೋಚನೆಯನ್ನು ಬಿಟ್ಟಿದ್ದೇನೆ. ಬ್ರಿಜ್‌ನ ತುಕ್ಕು ತೆಗೆಯಲು ಯಾವ ಎಣ್ಣೆ ಒಳ್ಳೆಯದೆಂದು ತಿಳಿಸಿದರೆ ಉಪಕಾರವಾಗುತ್ತದೆ.