‘ಹೆಲ್ತ್ ವಾಲಂಟಿಯರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬೇರೆ ಬೇರೆ ದೇಶಗಳ ಬಡ ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡುವವರ ಬಗ್ಗೆ ಒಂದು ಲೇಖನಮಾಲೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲದಲ್ಲಿ ಹೆಜ್ಜೆಗೊಮ್ಮೆ ‘ಹೆಲ್ತ್ ವಾಲಂಟಿಯರ್’ ಬರುತ್ತದೆ. ‘ಆರೋಗ್ಯ ಸ್ವಯಂಸೇವಕ’ ಅಂತ ಬರೆದು ಮುಂದೆ ಹೋಗಬಹುದಿತ್ತು. ಪತ್ರಿಕೆಗಳು ಹಾಗೇ ಬರೆಯುತ್ತವೆ. ಆದರೆ ಒಂದೇ ಪುಟದಲ್ಲಿ ಮೂರು ಥರದ ಜನಕ್ಕೆ ಅದೇ ಪದ ಹಾಕಿದರೆ ಯಾರು ಯಾರೆಂದು ತಿಳಿಯದೆ ಎಲ್ಲ ಕಲಸುಮೇಲೋಗರವಾಗುತ್ತದೆ.

ಒಬ್ಬರು ಹೊರದೇಶದಿಂದ ಬಂದು, ಕೆಲವು ವಾರ ಶಿಬಿರ ನಡೆಸಿ, ವಾಪಸು ವಿಮಾನ ಹತ್ತುವ ಡಾಕ್ಟರೋ ನರ್ಸೋ. ಇನ್ನೊಬ್ಬರು ಅದೇ ಹಳ್ಳಿಯ ಹೆಂಗಸು, ಸಂಬಳವಿಲ್ಲದೆ ವರ್ಷಗಟ್ಟಲೆ ಮನೆಮನೆ ತಿರುಗುವವರು. ಮತ್ತೊಬ್ಬರೂ ಹಳ್ಳಿಯವರೇ, ಕೆಲಸವೂ ಹೆಚ್ಚುಕಮ್ಮಿ ಅದೇ, ಆದರೆ ತಿಂಗಳಾದರೆ ಸಂಬಳ ಬರುತ್ತದೆ. ಈ ಮೂವರನ್ನೂ ‘ಸ್ವಯಂಸೇವಕ’ ಅಂದರೆ ಯಾರು ಉಳಿದರು, ಯಾರು ಹೋದರು, ಯಾರಿಗೆ ದುಡ್ಡು ಸಿಕ್ಕಿತು ಅನ್ನುವುದೇ ಮುಚ್ಚಿಹೋಗುತ್ತದೆ.

ಮೊದಲು ನೇಪಾಳ. ಅಲ್ಲಿ 1988ರಲ್ಲಿ ಶುರುವಾದ ಯೋಜನೆಯ ಹೆಸರು ‘ಮಹಿಳಾ ಸಾಮುದಾಯಿಕ ಸ್ವಾಸ್ಥ್ಯ ಸ್ವಯಂಸೇವಿಕಾ’. ಈಗ ಇವರು 50,000ಕ್ಕೂ ಜಾಸ್ತಿ ಇದ್ದಾರೆ. ಊರಿನ ತಾಯಂದಿರ ಗುಂಪು ಇವರನ್ನು ಆರಿಸುತ್ತದೆ. ತಿಂಗಳ ಸಂಬಳ ಇಲ್ಲ. ತರಬೇತಿಗೆ, ಬಟ್ಟೆಗೆ ಅಂತ ಒಂದಿಷ್ಟು ಭತ್ಯೆ ಸಿಗುತ್ತದೆ. ವರ್ಷಕ್ಕೆ ಎರಡು ಸಲ ವಿಟಮಿನ್ ಎ ಹಾಕುವ ದಿನ ಬರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳನ್ನು ಸೇರಿಸಿ, ಕ್ಯಾಪ್ಸೂಲಿನ ತುದಿ ಕತ್ತರಿಸಿ, ಒಳಗಿನ ಎಣ್ಣೆಯನ್ನು ಮಗುವಿನ ಬಾಯಿಗೆ ಹಿಂಡುವವರು ಇವರೇ. ಕೆಮ್ಮುವ ಮಗುವಿನ ಅಂಗಿ ಎತ್ತಿ, ಟೈಮರ್ ಒತ್ತಿ, ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸುವುದನ್ನೂ ಇವರಿಗೆ ಕಲಿಸಿದ್ದರು. ಎರಡು ತಿಂಗಳು ತುಂಬಿ ಒಂದು ವರ್ಷ ತುಂಬದ ಮಗುವಿಗೆ 50 ಅಥವಾ ಅದಕ್ಕಿಂತ ಜಾಸ್ತಿ, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಜಾಸ್ತಿ ಬಂದರೆ ನ್ಯುಮೋನಿಯಾ ಅಂತ ಅನುಮಾನಪಡಬೇಕು. ಅಳುವ ಮಗುವಿನ ಉಸಿರು ಎಣಿಸಲು ಆಗುವುದಿಲ್ಲ, ಸಮಾಧಾನ ಆಗುವ ತನಕ ಕಾಯಬೇಕು. ಇದು ಸುಮ್ನೆ ‘ಸೇವೆ’ ಅಲ್ಲ, ಕಲಿತು ಮಾಡುವ ಕಸುಬು.

ಇಲ್ಲೇ ಕನ್ನಡದ ಮೊದಲ ತೊಡಕು. ನೇಪಾಳಿಯ ‘ಸೇವಿಕಾ’ ಕನ್ನಡಕ್ಕೆ ಬಂದರೆ ‘ಸೇವಕಿ’ ಆಗುತ್ತಾಳೆ. ಕನ್ನಡದಲ್ಲಿ ಸೇವಕಿ ಅಂದರೆ ಅರಮನೆಯಲ್ಲಿ ಚಾಮರ ಬೀಸುವವಳು, ಇಲ್ಲವೇ ಮನೆಗೆಲಸದವಳು. ಹಿಂದೆ ‘ಸ್ವಯಂ’ ಸೇರಿಸಿದರೂ ಆ ನೆರಳು ಹೋಗುವುದಿಲ್ಲ. ‘ಸ್ವಯಂಸೇವಿಕೆ’ ಅಂತ ಬರೆದವರೂ ಇದ್ದಾರೆ; ಓದುವಾಗ ಅಚ್ಚಿನ ತಪ್ಪಿನ ಹಾಗೆ ಕಾಣುತ್ತದೆ. ‘ಸ್ವಯಂ ಸೇವೆ’ ಅಂದ ಕೂಡಲೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದೂ ನೆನಪಾಗುತ್ತದೆ, ಅದು ಬೇರೆ ಮಾತು.

ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯವರದ್ದು ‘ಸ್ವಾಸ್ಥ್ಯ ಸೇವಿಕಾ’. ಇವರಿಗೂ ಸಂಬಳ ಇಲ್ಲ, ಆದರೆ ಔಷಧಿ, ಅಯೋಡಿನ್ ಉಪ್ಪು, ಸಾಬೂನು ಮಾರಿ ಸ್ವಲ್ಪ ಲಾಭ ಮಾಡಿಕೊಳ್ಳುತ್ತಾರೆ. ಅಂದರೆ ಅರ್ಧ ಸೇವೆ, ಅರ್ಧ ವ್ಯಾಪಾರ. ಥೈಲ್ಯಾಂಡಿನಲ್ಲಿ ಹಳ್ಳಿಯ ಆರೋಗ್ಯ ವಾಲಂಟಿಯರುಗಳು 10 ಲಕ್ಷಕ್ಕೂ ಹೆಚ್ಚು. 2009ರಲ್ಲಿ ಅವರಿಗೆ ತಿಂಗಳಿಗೆ 600 ಬಾತ್ ಕೊಡಲು ಶುರು ಮಾಡಿದರು, ಆಮೇಲೆ ಏರಿಸಿದರು. ಹೆಸರು ಮಾತ್ರ ವಾಲಂಟಿಯರ್ ಅಂತಲೇ ಇದೆ. ಈ 600 ಬಾತಿಗೆ ‘ಗೌರವಧನ’ ಅಂತ ಹಾಕಿದ್ದೇನೆ. ಆ ಪದ ನನಗೆ ಅಷ್ಟು ಇಷ್ಟವಿಲ್ಲ. ದುಡ್ಡು ಕಮ್ಮಿ ಇದ್ದಾಗಲೇ ಅದಕ್ಕೆ ಗೌರವ ಸೇರಿಸುವುದು, ಅಲ್ವಾ?

ದುಡ್ಡಿನ ಮಾತು ಬಂತಲ್ಲ, ಕನ್ನಡದ ‘ಬಿಟ್ಟಿ’ಯನ್ನೂ ನೋಡಿ. ಈಗ ಬಿಟ್ಟಿ ಅಂದರೆ ಪುಕ್ಕಟೆ ಅಷ್ಟೇ. ಆದರೆ ಅದು ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು, ಮೂಲದಲ್ಲಿ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ಕೆಲಸ. ಸ್ವಯಂಸೇವೆಗೂ ಬಿಟ್ಟಿ ಚಾಕರಿಗೂ ನಡುವೆ ಇರುವುದು ‘ಸ್ವಯಂ’ ಅನ್ನುವ ಒಂದೇ ಮಾತು. ಸರ್ಕಾರವೇ ಗುರಿ ಕೊಟ್ಟು, ಪುಸ್ತಕದಲ್ಲಿ ಲೆಕ್ಕ ಬರೆಸಿ, ತಪ್ಪಿದರೆ ಕೇಳುವಾಗ ಆ ‘ಸ್ವಯಂ’ ಎಷ್ಟರಮಟ್ಟಿಗೆ ನಿಜ? ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ ಇಂಥವರ ಕೆಲಸಕ್ಕೆ ತಕ್ಕ ಹಣ ಕೊಡಬೇಕು ಅಂದಿದೆ. ಮುಖ್ಯವಾಗಿ ಮಾಡಿದ ಕೆಲಸದ ಲೆಕ್ಕದ ಮೇಲೆ ಪ್ರೋತ್ಸಾಹಧನ ಕೊಟ್ಟು ಮುಗಿಸಬೇಡಿ ಅಂತಲೂ ಹೇಳಿದೆ.

ಇನ್ನು ಚೀನಾದವರು. ‘ಬರಿಗಾಲ ವೈದ್ಯ’ ಕನ್ನಡದಲ್ಲಿ ಮೊದಲಿಂದ ಇದೆ, ಚೆನ್ನಾಗಿಯೂ ಇದೆ. ಶಾಂಘೈ ಕಡೆಯ ಭತ್ತದ ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರು, ನಡುವೆ ರೋಗಿಗಳನ್ನೂ ನೋಡುವವರು ಅನ್ನುವುದರಿಂದ ಆ ಹೆಸರು. 1968ರ ಹೊತ್ತಿಗೆ ಚೀನಾದಲ್ಲೆಲ್ಲ ಅದು ಮಾತಾಯಿತು. ಆದರೆ ಇವರು ವಾಲಂಟಿಯರುಗಳಲ್ಲ. ಹೊಲದಲ್ಲಿ ದುಡಿದವರಿಗೆ ಕೂಲಿಯ ಲೆಕ್ಕಕ್ಕೆ ಸಿಗುತ್ತಿದ್ದ ‘ಕೆಲಸದ ಅಂಕ’ ಇವರಿಗೂ ಸಿಗುತ್ತಿತ್ತು. 1985ರಲ್ಲಿ ಸರ್ಕಾರವೇ ಆ ಹೆಸರನ್ನು ಕೈಬಿಟ್ಟಿತು. ಪರೀಕ್ಷೆ ಪಾಸಾದವರು ‘ಹಳ್ಳಿ ವೈದ್ಯ’ರಾದರು. ಈಗಿನ ಲೇಖನಗಳಲ್ಲಿ ಯಾವುದೋ ಆಫ್ರಿಕನ್ ದೇಶದವರನ್ನೂ ‘ಬರಿಗಾಲ ವೈದ್ಯರು’ ಅನ್ನುವುದನ್ನು ನೋಡಿದ್ದೇನೆ. ಬೇಡ ಅಂತ ನನ್ನ ಮಾತು. ಓದುಗರು ಅಳಲೆಕಾಯಿ ಪಂಡಿತ ಅಂದುಕೊಂಡರೆ ತಪ್ಪು ಅವರದ್ದಲ್ಲ.

ಲ್ಯಾಟಿನ್ ಅಮೆರಿಕದಲ್ಲಿ ಇಂಥ ಕೆಲಸದವರನ್ನು ಕರೆಯುವ ‘ಪ್ರೊಮೊತೋರಾ’ಗೆ ‘ಪ್ರಚಾರಕಿ’ ಸಲ್ಲ. ಅದರಲ್ಲಿ ಚುನಾವಣೆಯ ಮೈಕು ಕೇಳಿಸುತ್ತದೆ. ‘ಪ್ರವರ್ತಕಿ’ ಅಂದರೆ ಕಂಪನಿ ಕಟ್ಟಿದವಳು. ಬ್ರೆಜಿಲಿನ ‘ಅಜೆಂತೆ’ಯನ್ನು ಏಜೆಂಟ್ ಅಂದರೆ ವಿಮೆ ಮಾಡಿಸಲು ಬಂದವರಾಗುತ್ತಾರೆ. ಇಥಿಯೋಪಿಯಾದವರ ‘ಎಕ್ಸ್‌ಟೆನ್ಷನ್ ವರ್ಕರ್’ಗೆ ‘ಆರೋಗ್ಯ ವಿಸ್ತರಣಾ ಕಾರ್ಯಕರ್ತೆ’ ಸರಿಹೋಗುತ್ತದೆ. ಕೃಷಿ ವಿಸ್ತರಣೆ ನಮ್ಮ ಕಿವಿಗೆ ಹೊಸದಲ್ಲ. ಇವರು ಸಂಬಳದವರು, ವರ್ಷದ ತರಬೇತಿ ಆದವರು. ಹಾಗಾಗಿ ಇಲ್ಲಿ ‘ಸ್ವಯಂ’ ಹಾಕಲೇಬಾರದು.

ಇರಾನಿನ ‘ಬೆಹ್‌ವರ್ಜ್’ ಅನ್ನು ಹಾಗೇ ಬಿಟ್ಟಿದ್ದೇನೆ. ‘ಬೆಹ್’ ಅಂದರೆ ಒಳ್ಳೆಯದು, ‘ವರ್ಜ್’ ಅಂದರೆ ಕಸುಬು, ಕೌಶಲ. ಹಳ್ಳಿಯ ‘ಆರೋಗ್ಯ ಮನೆ’ಯಲ್ಲಿ ಕೂರುವ ಸರ್ಕಾರಿ ನೌಕರರು. ನೋಡಿ, ಫಾರ್ಸಿಯವರು ಹೆಸರಿಡುವಾಗ ಸೇವೆಯನ್ನಲ್ಲ, ಕಸುಬನ್ನು ಹಿಡಿದರು. ನನಗೆ ಹೊಟ್ಟೆಕಿಚ್ಚಾದದ್ದು ಈ ಪದದ ಮೇಲೆ.

ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿದ್ದು ಹೈಟಿಯ ‘ಅಕೊಂಪಾಯಾತೆ’. ಕ್ಷಯ, ಎಚ್‌ಐವಿ ಇರುವವರ ಮನೆಗೆ ದಿನಾ ಹೋಗಿ, ಎದುರಿಗೇ ಮಾತ್ರೆ ನುಂಗಿಸಿ, ಮನೆಯಲ್ಲಿ ಊಟಕ್ಕಿದೆಯೇ ಅಂತಲೂ ವಿಚಾರಿಸಿ ಬರುವವರು. ಹೈಟಿಯ ನಡುನಾಡಿನ ಕಾಂಜ್ ಎಂಬ ಹಳ್ಳಿಯ ಸುತ್ತ ಈ ಪದ್ಧತಿ ಬೆಳೆಯಿತು. ಇವರಿಗೂ ಹಣ ಕೊಡುತ್ತಾರೆ. ಮಾತಿನ ಅರ್ಥ ‘ಜೊತೆಯಲ್ಲಿ ನಡೆಯುವವರು’. ‘ಸಂಗಾತಿ’ ಅಂತ ಬರೆದು ಅಳಿಸಿದೆ. ಈಗ ಅದು ಬಾಳಸಂಗಾತಿಗೇ ಮೀಸಲಾಗಿಬಿಟ್ಟಿದೆ. ‘ಒಡನಾಡಿ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಗೆಳೆತನ ಹೆಚ್ಚು, ಹೊಣೆ ಕಮ್ಮಿ. ಸದ್ಯಕ್ಕೆ ‘ಜೊತೆಗಾರ್ತಿ’ ಇಟ್ಟಿದ್ದೇನೆ.

ಹೊರದೇಶದಿಂದ ಬರುವವರ ಕಥೆ ಬೇರೆ. ಅಮೆರಿಕದ ಪೀಸ್ ಕೋರ್ 1961ರಿಂದ, ವಿಶ್ವಸಂಸ್ಥೆಯ ವಾಲಂಟಿಯರ್ ಯೋಜನೆ 1970ರಿಂದ ಇವೆ. ಇವರೂ ವಾಲಂಟಿಯರುಗಳೇ, ಆದರೆ ಊಟ-ವಸತಿಗೆ ಭತ್ಯೆ ಸಿಗುತ್ತದೆ. ಎಷ್ಟೋ ಕಡೆ ಆ ಭತ್ಯೆಯೇ ಹಳ್ಳಿಯ ಸಂಬಳದವರ ಸಂಬಳಕ್ಕಿಂತ ದೊಡ್ಡದು. ಕೆಲವು ವಾರಕ್ಕೆ ಬರುವವರಂತೂ ತಮ್ಮ ಟಿಕೆಟ್ಟಿಗೆ ತಾವೇ ದುಡ್ಡು ಹಾಕಿಕೊಂಡು ಬರುತ್ತಾರೆ. ಇವರಿಗೆ ‘ಸ್ವಯಂಸೇವಕ’ ಸರಿಯಾಗಿ ಒಪ್ಪುತ್ತದೆ, ಯಾಕೆಂದರೆ ಇಲ್ಲಿ ‘ಸ್ವಯಂ’ ನಿಜಕ್ಕೂ ಸ್ವಯಂ. ಬೇಡ ಅನಿಸಿದ ದಿನ ಹೊರಡಬಹುದು.

‘ಎಲ್ಲರನ್ನೂ ಆಶಾ ಕಾರ್ಯಕರ್ತೆ ಅಂದುಬಿಡಿ, ಜನಕ್ಕೆ ಥಟ್ಟನೆ ಗೊತ್ತಾಗುತ್ತೆ’ ಅಂತ ಸ್ನೇಹಿತರೊಬ್ಬರು ಹೇಳಿದರು. ಗೊತ್ತಾಗುವುದು ಇಲ್ಲಿನ ಯೋಜನೆ, ನೇಪಾಳದ್ದಲ್ಲ. ‘ಕಾರ್ಯಕರ್ತೆ’ಯನ್ನು ಮಾತ್ರ ಅವರಿಂದ ತೆಗೆದುಕೊಳ್ಳುತ್ತೇನೆ. ಪಕ್ಷದ ಕಾರ್ಯಕರ್ತರ ವಾಸನೆ ಸ್ವಲ್ಪ ಇದ್ದರೂ ಮುಂದೆ ‘ಆರೋಗ್ಯ’ ಬಂದರೆ ಅದು ಹೋಗುತ್ತದೆ.

ಹೀಗಾಗಿ ಸದ್ಯದ ನನ್ನ ಏರ್ಪಾಡು: ಹೊರಗಿನಿಂದ ಬಂದು ಹೋಗುವವರು ‘ಸ್ವಯಂಸೇವಕರು’. ಸಂಬಳದ ಹಳ್ಳಿಯವರು ‘ಆರೋಗ್ಯ ಕಾರ್ಯಕರ್ತೆಯರು’. ಸಂಬಳವಿಲ್ಲದ ಹಳ್ಳಿಯವರಿಗೆ ‘ಸಂಬಳವಿಲ್ಲದ ಆರೋಗ್ಯ ಕಾರ್ಯಕರ್ತೆಯರು’ ಅಂತ ಬಿಡಿಸಿ ಬರೆಯುತ್ತಿದ್ದೇನೆ. ಉದ್ದವಾಯಿತು, ನಿಜ. ಪ್ರತಿ ಸಾಲಿನಲ್ಲೂ ಬಂದರೆ ಓದುವವರಿಗೆ ಬೇಸರವಾಗುತ್ತದೆ. ಬಿಟ್ಟರೆ ನೇಪಾಳದವರಿಗೂ ಸಂಬಳ ಇದೆ ಅಂತಾಗುತ್ತದೆ.

ನನ್ನ ಪ್ರಶ್ನೆಗಳು ಎರಡು. ಈ ಸಂಬಳವಿಲ್ಲದ ಹಳ್ಳಿಯವರಿಗೆ ಚಿಕ್ಕದೊಂದು ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ? ಬಿಟ್ಟಿಯ ಅವಮಾನವೂ ಬೇಡ, ಸೇವೆಯ ಹೂಮಾಲೆಯೂ ಬೇಡ. ಎರಡನೆಯದು, ‘ಜೊತೆಗಾರ್ತಿ’. ಹೈಟಿಯಲ್ಲಿ ಈ ಕೆಲಸ ಮಾಡುವ ಗಂಡಸರೂ ಇದ್ದಾರೆ. ‘ಜೊತೆಗಾರರು’ ಅಂದರೆ ಇಬ್ಬರೂ ಸೇರುತ್ತಾರೆ ಸರಿ, ಆದರೆ ಪದ ಮೊದಲ ಸಲ ಬರುವುದು ಒಂಟಿ ಹೆಂಗಸಿನ ಕಥೆಯಲ್ಲಿ. ಅಲ್ಲಿ ಒಂದು, ಮುಂದೆ ಇನ್ನೊಂದು ಬಳಸಿದರೆ ಓದುಗರಿಗೆ ಗೊಂದಲವಾಗುತ್ತದೆಯೇ? ಹಾಳೆ ಮುದ್ರಣಕ್ಕೆ ಹೋಗುವ ಮೊದಲು ಉತ್ತರ ಸಿಕ್ಕಿದರೆ ಉಪಕಾರ.