ಹೊಸನಗರ ಕಡೆ ಪಿಕಪ್‌ನಲ್ಲಿ ಗ್ಯಾಸ್ ಸಿಲಿಂಡರ್ ಸಾಗಣೆ: ಲೈಸೆನ್ಸ್, ಬೋರ್ಡು, ಘಟ್ಟದ ಇಳಿಜಾರು

ಹೊಸನಗರ_ಪಿಕಪ್ ಕೇಳಿದ್ದು:

1.7 ಟನ್ ಹೊರುವ ಪಿಕಪ್ ಇದೆ. ಗ್ಯಾಸ್ ಏಜೆನ್ಸಿಯಿಂದ ನಗರ, ಸಂಪೆಕಟ್ಟೆ, ಮಾಸ್ತಿಕಟ್ಟೆ ಕಡೆಯ ಹಳ್ಳಿಗಳಿಗೆ 14.2 ಕೆ.ಜಿ. ಸಿಲಿಂಡರ್ ತಲುಪಿಸುವ ಕೆಲಸ ಬಂದಿದೆ. ಒಪ್ಪಿಕೊಳ್ಳುವ ಮೊದಲು ಕೆಲವು ವಿಷಯ ಗೊತ್ತಾಗಬೇಕು. ಡ್ರೈವರ್ ಹತ್ತಿರ ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸೆನ್ಸ್ ಇದೆ, ಅಷ್ಟು ಸಾಕೇ? ಟ್ಯಾಂಕರ್‌ಗಳಿಗೆ ಇರುವ ಹಾಗೆ ಬೋರ್ಡು ಬರೆಸಬೇಕೇ? ಒಂದು ಟ್ರಿಪ್‌ಗೆ ಎಷ್ಟು ಸಿಲಿಂಡರ್ ಹೇರಬಹುದು? ಅದೇ ಗಾಡಿಯಲ್ಲಿ ಮೈಲುತುತ್ತದ ಚೀಲ, ಕಳೆ ಕೊಚ್ಚುವ ಮೆಷಿನ್‌ಗೆ ಪೆಟ್ರೋಲ್ ಕ್ಯಾನ್ ತಂದುಕೊಡಿ ಅಂತ ತೋಟದವರು ಕೇಳುತ್ತಿದ್ದಾರೆ. ಖಾಲಿ ಸಿಲಿಂಡರ್ ಮಾತ್ರ ಇರುವಾಗಲಾದರೂ ತರಬಹುದೇ?

ನಿಯಮ_ಓದುಗ:

ಲೈಸೆನ್ಸ್ ವಿಷಯದಲ್ಲೇ ಹೆಚ್ಚು ಜನ ತಪ್ಪು ತಿಳಿದಿರುವುದು. 7,500 ಕೆ.ಜಿ.ವರೆಗಿನ ಸರಕು ಗಾಡಿಯನ್ನು ಎಲ್‌ಎಂವಿ ಲೈಸೆನ್ಸ್‌ನಲ್ಲೇ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು ನಿಜ. ಆದರೆ ಅದೇ ತೀರ್ಪಿನಲ್ಲಿ, ಅಪಾಯಕಾರಿ ಸರಕು ಸಾಗಿಸುವ ವಾಹನಗಳಿಗೆ ಇರುವ ವಿಶೇಷ ಅರ್ಹತೆಗಳು ಹಾಗೇ ಮುಂದುವರಿಯುತ್ತವೆ ಎಂದೂ ಇದೆ. ಎಲ್‌ಪಿಜಿ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಬರುತ್ತದೆ. ಗಾಡಿ ಚಿಕ್ಕದು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 9ನೇ ನಿಯಮದಂತೆ ಡ್ರೈವರ್ ಮೂರು ದಿನದ ತರಬೇತಿ ಮುಗಿಸಿ, ಆ ಪ್ರಮಾಣಪತ್ರ ಕೊಟ್ಟು ಆರ್‌ಟಿಒದಲ್ಲಿ ಲೈಸೆನ್ಸ್ ಮೇಲೆ ಷರಾ ಹಾಕಿಸಿಕೊಳ್ಳಬೇಕು. ಮೊದಲು ಇದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. 2019ರ ತಿದ್ದುಪಡಿಯಿಂದ ಅವಧಿ ಮೂರು ವರ್ಷ ಆಗಿದೆ. ನವೀಕರಣಕ್ಕೆ ಮರುತರಬೇತಿ ಬೇಕಾಗುತ್ತದೆ. ಷರಾ ಇಲ್ಲದೆ ಅಪಘಾತವಾದರೆ ವಿಮಾ ಕಂಪನಿ ಮೂರನೇ ವ್ಯಕ್ತಿಗೆ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಲು ಹೊರಡುತ್ತದೆ. ಚೆಕ್‌ಪೋಸ್ಟಿನ ದಂಡ ಅದರ ಮುಂದೆ ಏನೂ ಅಲ್ಲ.

ಬೋರ್ಡು ಬೇಕೇ ಬೇಕು. 134ನೇ ನಿಯಮದ ತುರ್ತು ಮಾಹಿತಿ ಫಲಕ ಎರಡೂ ಪಕ್ಕ ಮತ್ತು ಹಿಂದೆ, ಒಟ್ಟು ಮೂರು ಕಡೆ ಇರಬೇಕು. ಸರಕಿನ ಸರಿಯಾದ ತಾಂತ್ರಿಕ ಹೆಸರು ಕನಿಷ್ಠ 50 ಮಿ.ಮೀ. ಎತ್ತರದ ಅಕ್ಷರದಲ್ಲಿ, ವಿಶ್ವಸಂಸ್ಥೆಯ ಸಂಖ್ಯೆ (ಎಲ್‌ಪಿಜಿಗೆ 1075) ಕನಿಷ್ಠ 100 ಮಿ.ಮೀ. ಎತ್ತರದಲ್ಲಿ, ಜ್ವಾಲೆಯ ಚಿತ್ರವಿರುವ ವಜ್ರಾಕಾರದ ಕೆಂಪು ಲೇಬಲ್ 250 ಮಿ.ಮೀ. ಚೌಕದಷ್ಟು. ಜೊತೆಗೆ ತುರ್ತು ಸೇವೆಯ ಮತ್ತು ಸರಕು ಕಳಿಸಿದವರ ಹೆಸರು, ಫೋನ್ ನಂಬರ್. ಸ್ಟಿಕ್ಕರ್ ಅಂಟಿಸಬೇಡಿ, ನಮ್ಮ ಮಳೆಗೆ ಒಂದು ಜುಲೈ ಕೂಡ ತಡೆಯುವುದಿಲ್ಲ. ತಗಡಿನ ಮೇಲೆ ಎನಾಮಲ್ ಬಣ್ಣದಲ್ಲಿ ಬರೆಸಿ, ಹೊರಡುವ ಮೊದಲು ಕೆಸರು ಒರೆಸಿ. ಕೆಮ್ಮಣ್ಣು ಮೆತ್ತಿಕೊಂಡು ಓದಲು ಬಾರದ ಫಲಕದಿಂದ ಅಗ್ನಿಶಾಮಕದವರಿಗೆ ಏನೂ ಉಪಯೋಗವಿಲ್ಲ.

ಸರಕಿನ ಅಪಾಯ ಏನು, ಅವಘಡವಾದರೆ ಏನು ಮಾಡಬೇಕು ಅನ್ನುವ ಟ್ರೆಮ್ ಕಾರ್ಡ್ ಕ್ಯಾಬಿನ್‌ನಲ್ಲೇ ಇರಬೇಕು. ಅದನ್ನು ಏಜೆನ್ಸಿಯವರಿಂದ ಕೇಳಿ ಪಡೆಯಿರಿ, ಡ್ರೈವರ್ ಓದುವ ಭಾಷೆಯಲ್ಲೇ ಇರಲಿ. 129ಎ ನಿಯಮದ ಸ್ಪಾರ್ಕ್ ಅರೆಸ್ಟರ್ (ಹೊಗೆ ಕೊಳವೆಯಿಂದ ಕಿಡಿ ಹಾರದಂತೆ ತಡೆಯುವ ಸಾಧನ), ಟ್ಯಾಕೋಗ್ರಾಫ್ (ಗಾಡಿ ಓಡಿದ ಸಮಯ, ವೇಗ ದಾಖಲಿಸುವ ಸಾಧನ) ಎರಡನ್ನೂ ಕೇಳುತ್ತಾರೆ. ಇನ್ನೊಂದು: ಗಾಡಿ ನಿಲ್ಲಿಸಿ ಡ್ರೈವರ್ ಊಟಕ್ಕೆ ಹೋದರೆ 18 ದಾಟಿದ, ವಿಷಯ ಗೊತ್ತಿರುವ ಒಬ್ಬರು ಗಾಡಿ ಹತ್ತಿರ ಇರಲೇಬೇಕು (133ನೇ ನಿಯಮ).

ಘಟ್ಟ_ಗೇರ್:

ಲೋಡಿನ ಲೆಕ್ಕ ಹೇಳ್ತೀನಿ. ಖಾಲಿ ಸಿಲಿಂಡರ್ ತೂಕ ಅದರ ಮೇಲೇ ಬರೆದಿರುತ್ತದೆ, ಸುಮಾರು 15ರಿಂದ 16 ಕೆ.ಜಿ. ಗ್ಯಾಸ್ ಸೇರಿದರೆ 30 ಕೆ.ಜಿ. ಅಂತಿಟ್ಟುಕೊಳ್ಳಿ. 1,700 ಕೆ.ಜಿ.ಗೆ 56 ಸಿಲಿಂಡರ್ ಬರುತ್ತದೆ. ಅದರಲ್ಲಿ ನೀವು ಕಟ್ಟಿಸುವ ಕಬ್ಬಿಣದ ಪಂಜರ, ಲೋಡ್ ಇಳಿಸುವ ಹುಡುಗ, ಎಲ್ಲದರ ತೂಕ ಕಳೆಯಿರಿ. 50 ದಾಟಬೇಡಿ.

ಸಿಲಿಂಡರ್ ಯಾವಾಗಲೂ ನಿಂತೇ ಇರಬೇಕು, ವಾಲ್ವ್ ಮೇಲೆ. ಮಲಗಿಸಿದಾಗ ಸೋರಿದರೆ ಆವಿಯ ಬದಲು ದ್ರವ ಬರುತ್ತದೆ, ದ್ರವ ಆವಿಯಾದಾಗ ಸುಮಾರು 250 ಪಟ್ಟು ಹಿಗ್ಗುತ್ತದೆ. ಬಾಡಿಯ ತಗಡಿನ ಮೇಲೆ ರಬ್ಬರ್ ಮ್ಯಾಟ್ ಹಾಸಿ, ಸಾಲು ಸಾಲಾಗಿ ಬೆಲ್ಟ್ ಬಿಗಿಯಿರಿ. ಇಳಿಸುವಾಗ ಕೆಳಗೆ ಹಳೆ ಟಯರ್ ಹಾಕಿ. ನೇರ ನೆಲಕ್ಕೆ ಎತ್ತಿಹಾಕಿದರೆ ಬುಡದ ರಿಂಗ್ ಸೊಟ್ಟಗಾಗುತ್ತದೆ, ಮುಂದಿನ ಟ್ರಿಪ್‌ನಲ್ಲಿ ಆ ಸಿಲಿಂಡರ್ ನೆಟ್ಟಗೆ ನಿಲ್ಲುವುದಿಲ್ಲ.

ಹುಲಿಕಲ್ ಘಟ್ಟದ ಕಡೆ ಇಳಿಯುವುದಿದ್ದರೆ ಬ್ರೇಕ್ ಆಯಿಲ್ ವಿಷಯ ಹಗುರವಾಗಿ ತಗೊಳ್ಳಬೇಡಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ಮಾನದಂಡ, ತೇವ ಹೀರಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಹೋದರೆ ಆಯಿಲ್ ಕುದಿದು ಗುಳ್ಳೆ ಬಂದು ಪೆಡಲ್ ಪೂರ್ತಿ ಕೆಳಗೆ ಕೂರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತಾರೆ, ನಮ್ಮ ಹವೆಗೆ ಪ್ರತಿ ಮಳೆಗಾಲಕ್ಕೆ ಮೊದಲು ಬದಲಿಸುವುದೇ ಸರಿ. ಏರಿದ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಅಂತೂ ಬೇಡವೇ ಬೇಡ ಮಾರಾಯ್ರೆ.

ಸ್ಪಾರ್ಕ್ ಅರೆಸ್ಟರ್‌ನಲ್ಲಿ ಮಸಿ ಕಟ್ಟಿದರೆ ಹೊಗೆ ಹೊರಹೋಗದೆ ಏರಿನಲ್ಲಿ ಎಳೆತ ಕಡಿಮೆಯಾಗುತ್ತದೆ. ಆಗ ಕೆಲವರು ಅದನ್ನೇ ಬಿಚ್ಚಿ ಸೀಟಿನ ಹಿಂದೆ ಎಸೆಯುತ್ತಾರೆ. ಬಿಚ್ಚಿ ಮಸಿ ಕೆರೆದು ವಾಪಸ್ ಹಾಕಿ, ಅಷ್ಟೇ ಕೆಲಸ.

ಬೆಂಕಿ_ಎಚ್ಚರ:

ಮೈಲುತುತ್ತ, ಪೆಟ್ರೋಲ್ ಎರಡಕ್ಕೂ ಉತ್ತರ: ಬೇಡ. ಸುಲಭವಾಗಿ ಹೊತ್ತಿಕೊಳ್ಳುವ ಅಥವಾ ಲೋಹ ತಿನ್ನುವ ಪದಾರ್ಥಗಳ ಜೊತೆ ಅನಿಲ ಸಿಲಿಂಡರ್ ಸಾಗಿಸುವಂತಿಲ್ಲ, ಗ್ಯಾಸ್ ಸಿಲಿಂಡರ್ ನಿಯಮಗಳು 2016ರಲ್ಲಿ ಇದು ಸ್ಪಷ್ಟವಾಗಿದೆ. ಚೀಲ ಒದ್ದೆಯಾಗಿ ಮೈಲುತುತ್ತದ ನೀರು ಹರಿದರೆ ಸಿಲಿಂಡರಿನ ಬುಡದ ಕಬ್ಬಿಣ ತಿಂದುಹೋಗುತ್ತದೆ. ತೋಟದವರು ತಮ್ಮ ಬಳಕೆಗೆ 30 ಲೀಟರ್‌ವರೆಗೆ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು, ಅದನ್ನು ಅವರೇ ಬೇರೆ ಗಾಡಿಯಲ್ಲಿ ತಂದುಕೊಳ್ಳಲಿ. ಅಂದಹಾಗೆ, ತುಂಬಿದ ಸಿಲಿಂಡರನ್ನು ಬೈಕ್ ಮೇಲೆ ಕಳಿಸುವುದೂ ಅದೇ ನಿಯಮಗಳಲ್ಲಿ ನಿಷಿದ್ಧ. ರಸ್ತೆ ಸರಿಯಿಲ್ಲದ ಮನೆಗಳಿಗೆ ಯಾರೂ ಆ ದಾರಿ ಹಿಡಿಯದಿರಲಿ.

ಖಾಲಿ ಅನ್ನುವ ಸಿಲಿಂಡರ್ ಖಾಲಿಯಲ್ಲ. ಒಲೆ ಉರಿಯುವಷ್ಟು ಒತ್ತಡ ಇಲ್ಲದಿದ್ದರೂ ಒಳಗೆ ಆವಿ ಇರುತ್ತದೆ. ಕ್ಯಾಪ್ ಹಾಕದೆ ವಾಪಸ್ ತಗೊಳ್ಳಬೇಡಿ.

ದಾರಿಯಲ್ಲಿ ವಾಸನೆ ಬಂತು ಅಂದುಕೊಳ್ಳಿ. ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗಿಗೆ ಹರಿಯುತ್ತದೆ. ನಮ್ಮ ಕಡೆ ಮನೆಗಳು ರಸ್ತೆಯಿಂದ ಕೆಳಗೆ, ತೋಟದ ಅಂಚಿನಲ್ಲಿರುತ್ತವೆ. ಹಾಗಾಗಿ ಮನೆ ಮೇಲಿನ ರಸ್ತೆಯಲ್ಲಿ ನಿಲ್ಲಿಸಬೇಡಿ, ಸ್ವಲ್ಪ ಮುಂದೆ ಬಯಲು ಸಿಗುವಲ್ಲಿ ನಿಲ್ಲಿಸಿ. ಇಂಜಿನ್ ಆಫ್, ಬ್ಯಾಟರಿ ಸ್ವಿಚ್ ಆಫ್. ಫೋನ್ ದೂರ ಹೋಗಿ ಮಾಡಿ: 112, ಗ್ಯಾಸ್ ಸೋರಿಕೆಗೆ 1906. ಸಿಗ್ನಲ್ ಎಲ್ಲೆಲ್ಲಿ ಸಿಗುತ್ತದೆ ಅಂತ ಡ್ರೈವರ್‌ಗೆ ಮೊದಲೇ ಗೊತ್ತಿರಬೇಕು. ಸೋಪಿನ ನೀರು ಹಾಕಿ ಯಾವುದು ಸೋರುತ್ತಿದೆ ನೋಡಿ, ಸೇಫ್ಟಿ ಕ್ಯಾಪ್ ಒತ್ತಿ ಕೂರಿಸಿ. ಸೋರಿಕೆ ನಿಲ್ಲದಿದ್ದರೆ ಆ ಒಂದು ಸಿಲಿಂಡರನ್ನು ನೆಟ್ಟಗೆ ಹಿಡಿದೇ ಬಯಲಿಗೆ ಒಯ್ಯಿರಿ. ಆಗಲೇ ಹೊತ್ತಿಕೊಂಡಿದ್ದರೆ ಹತ್ತಿರ ಹೋಗಬೇಡಿ, ಜನರನ್ನು ದೂರ ಕಳಿಸಿ. ಅನಿಲ ನಿಲ್ಲಿಸಲಾಗದೆ ಜ್ವಾಲೆ ಮಾತ್ರ ಆರಿಸಿದರೆ, ಹರಡಿದ ಅನಿಲ ಇನ್ನೊಮ್ಮೆ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಪೊಲೀಸರಿಗೆ, ಮಾಲೀಕರಿಗೆ ತಕ್ಷಣ ತಿಳಿಸುವುದು ಡ್ರೈವರ್‌ನ ಕಾನೂನುಬದ್ಧ ಹೊಣೆ.

ಡ್ರೈ ಪೌಡರ್ ಅಗ್ನಿಶಾಮಕವನ್ನು ತಿಂಗಳಿಗೊಮ್ಮೆ ತಲೆಕೆಳಗೆ ಮಾಡಿ ಬುಡ ತಟ್ಟಿ. ಅಲುಗಾಟಕ್ಕೂ ತೇವಕ್ಕೂ ಪುಡಿ ಗಟ್ಟಿಯಾದರೆ ಗೇಜ್‌ನ ಮುಳ್ಳು ಹಸಿರಿನಲ್ಲಿದ್ದರೂ ಪುಡಿ ಬರುವುದಿಲ್ಲ.

ಹುಣಸೋಡು ಸ್ಫೋಟ (2021ರ ಜನವರಿ 21) ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಆಗಿದ್ದು, ಸ್ಫೋಟಕ ತುಂಬಿದ ಲಾರಿ. ಸರಕು ಬೇರೆ, ನಿಯಮಗಳೂ ಬೇರೆ. ಆದರೂ ಈ ಕಾಗದ ಪತ್ರ ಯಾಕೆ ಅಂತ ಡ್ರೈವರ್ ಕೇಳಿದರೆ ಅದನ್ನು ನೆನಪಿಸಿ.

ಹೊಸನಗರ_ಪಿಕಪ್:

ಎಲ್ಲರಿಗೂ ಧನ್ಯವಾದ. ತರಬೇತಿಗೆ ಡ್ರೈವರನ್ನು ಕಳಿಸಿಯೇ ಕೆಲಸ ಒಪ್ಪಿಕೊಳ್ಳುತ್ತೇನೆ. ಮಳೆಗೆ ಟಾರ್ಪಾಲ್ ಕಟ್ಟಬಹುದೇ?

ಘಟ್ಟ_ಗೇರ್:

ಮೇಲ್ಗಡೆ ಮಾತ್ರ ಕಟ್ಟಿ. ಪಕ್ಕಗಳನ್ನು ಮುಚ್ಚಿದರೆ ಸೋರಿದ ಅನಿಲ ಒಳಗೇ ನಿಲ್ಲುತ್ತದೆ. ಅದು ಕೆಳಗೆ ಕೂರುವುದರಿಂದ ಬಾಡಿಯ ತಳಮಟ್ಟದಲ್ಲೇ ಗಾಳಿ ಆಡುವ ಹಾಗೆ ಜಾಲರಿ ಬಾಗಿಲು ಮಾಡಿಸಿ. ಮಳೆ ನೀರಿನಿಂದ ಸಿಲಿಂಡರಿಗೆ ಏನೂ ಆಗುವುದಿಲ್ಲ. ಕ್ಯಾಪ್ ಸರಿಯಾಗಿ ಕೂತಿದೆಯೇ ಅಂತ ಮಾತ್ರ ನೋಡಿ, ವಾಲ್ವ್ ಒಳಗೆ ನೀರು, ಮಣ್ಣು ನಿಂತರೆ ಮನೆಯಲ್ಲಿ ರೆಗ್ಯುಲೇಟರ್ ಕೂರಿಸುವಾಗ ಸೋರುತ್ತದೆ.